ಮನೆಯಲ್ಲೇ ಬರೆದ ತಂತ್ರಾಂಶ, ಸಿಎನ್‌ಸಿ ಯಂತ್ರ ಮತ್ತು ಕನ್ನಡ ನಾಮಫಲಕ: ಸದಸ್ಯರಿಗೊಂದು ಕೈಪಿಡಿ

ಹೊಸೂರು ಕಾರ್ಖಾನೆಗಳ ಊರು. ನಮ್ಮ ಸದಸ್ಯರ ಮನೆಗಳಲ್ಲಿ ಸಿಎನ್‌ಸಿ ಯಂತ್ರದ ಮುಂದೆ ಪಾಳಿ ಮಾಡುವ ಮಕ್ಕಳು ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರು ಈಗ ಮೇಜಿನ ಮೇಲೆ ಕೂರುವಂಥ ಚಿಕ್ಕ ಯಂತ್ರಗಳನ್ನು ಹವ್ಯಾಸಕ್ಕೆಂದು ಮನೆಯಲ್ಲೂ ಇಟ್ಟುಕೊಂಡಿದ್ದಾರೆ. ಅದರಲ್ಲಿ ಕನ್ನಡ ನಾಮಫಲಕ ಕೊರೆಯಲು ಆಗುತ್ತದೆಯೇ, ಅದಕ್ಕೆ ಬೇಕಾದ ತಂತ್ರಾಂಶವನ್ನು ನಾವೇ ಬರೆದುಕೊಳ್ಳಬಹುದೇ ಎಂದು ಹಲವರು ಕೇಳಿದ್ದರಿಂದ, ತಿಳಿದ ವಿಷಯಗಳನ್ನು ಕ್ರಮವಾಗಿ ಕೆಳಗೆ ಕೊಟ್ಟಿದ್ದೇವೆ.

1. ಸ್ವಂತ ತಂತ್ರಾಂಶ ಏಕೆ?

ಮಾರುಕಟ್ಟೆಯಲ್ಲಿ ತಂತ್ರಾಂಶಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಎಷ್ಟೋ ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಒಂದು ಅಕ್ಷರ, ಅದರ ಪಕ್ಕ ಇನ್ನೊಂದು ಅಕ್ಷರ, ಇಷ್ಟೇ ಅವುಗಳಿಗೆ ಗೊತ್ತು. ಕನ್ನಡದಲ್ಲಿ ಒತ್ತು ಕೆಳಗೆ ಬರುತ್ತದೆ, ಗುಣಿತ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ಅರ್ಕಾವತ್ತು ಓದುವಾಗ ಮೊದಲು ಬಂದರೂ ಬರೆಯುವಾಗ ಆಮೇಲೆ ಬರುತ್ತದೆ. ಇದನ್ನರಿಯದ ತಂತ್ರಾಂಶಕ್ಕೆ ‘ಗ್ರಂಥಾಲಯ’ ಎಂದು ಕೊಟ್ಟರೆ ಗ-ಕಾರಕ್ಕೆ ಕೊಂಬಿನಂತೆ ಹಲಂತ ಚಿಹ್ನೆ ಹಾಕಿ, ರ-ಕಾರವನ್ನು ಪಕ್ಕದಲ್ಲಿ ಬಿಡಿಯಾಗಿ ನಿಲ್ಲಿಸುತ್ತದೆ.

ಬೆಂಗಳೂರಿನಲ್ಲಾದರೆ ಒಂದು ಫಲಕ ತಪ್ಪಾದರೂ ಪಕ್ಕದ ಹತ್ತು ಸರಿಯಾಗಿರುತ್ತವೆ. ಗಡಿಯಾಚೆಯ ನಮ್ಮ ಬೀದಿಗಳಲ್ಲಿ ಹಾಗಲ್ಲ. ಬೇರೆ ಮಾಧ್ಯಮದಲ್ಲಿ ಓದುವ ನಮ್ಮ ಮಗುವಿಗೆ ದಿನಕ್ಕೊಮ್ಮೆ ಕಣ್ಣಿಗೆ ಬೀಳುವ ಕನ್ನಡ ಎಂದರೆ ಆ ಒಂದು ಫಲಕವೇ ಆಗಿರಬಹುದು. ಅದರಲ್ಲಿ ಒತ್ತಕ್ಷರ ಕಳಚಿಬಿದ್ದಿದ್ದರೆ ಮಗು ಅದನ್ನೇ ಸರಿಯೆಂದು ಕಲಿಯುತ್ತದೆ. ಮರದಲ್ಲಿ ಕೊರೆದದ್ದನ್ನು ರಬ್ಬರಿನಿಂದ ಅಳಿಸಲೂ ಆಗದು.

2. ಸ್ವಲ್ಪ ಹಿನ್ನೆಲೆ

ಅಂಕಿಗಳಿಂದ ಯಂತ್ರ ನಡೆಸುವ ವಿಚಾರ ಅಮೆರಿಕದ್ದು. ಹೆಲಿಕಾಪ್ಟರ್ ರೆಕ್ಕೆಗಳ ಕೆಲಸ ಮಾಡುತ್ತಿದ್ದ ಜಾನ್ ಪಾರ್ಸನ್ಸ್ ಎಂಬವರು ವಕ್ರರೇಖೆಯ ಮೇಲಿನ ಬಿಂದುಗಳನ್ನು ಲೆಕ್ಕಹಾಕಿ, ಆ ಲೆಕ್ಕದಂತೆ ಕಟರ್ ನಡೆಸುವ ದಾರಿ ಹುಡುಕಿದರು. ಎಂಐಟಿ ಸಂಸ್ಥೆಯ ಪ್ರಯೋಗಾಲಯ 1952ರಲ್ಲಿ ರಂಧ್ರ ಹೊಡೆದ ಟೇಪಿನಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿತು. ಆ ಟೇಪು ಬರೆಯುವುದೇ ದೊಡ್ಡ ತಲೆನೋವಾದ್ದರಿಂದ, ಅಲ್ಲಿಯೇ ಡಗ್ಲಸ್ ರಾಸ್ ಅವರ ತಂಡ ‘ಎಪಿಟಿ’ ಎಂಬ ಭಾಷೆಯನ್ನು ರೂಪಿಸಿತು.

ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ, ಸಿಟ್ರೊಯೆನ್‌ನ ಪಾಲ್ ದ ಕಾಸ್ಟೆಲ್ಜೋ ಮತ್ತು ರೆನೋದ ಪಿಯರ್ ಬೆಜಿಯೆ, ಬೇರೆಬೇರೆಯಾಗಿ ಒಂದೇ ಬಗೆಯ ವಕ್ರರೇಖೆಯ ಗಣಿತವನ್ನು ಕಂಡುಕೊಂಡರು. ಕಾರಿನ ಮೈ ಬಿಡಿಸಲು ಹುಟ್ಟಿದ ಆ ‘ಬೆಜಿಯೆ’ ರೇಖೆಯೇ ಇಂದು ನಮ್ಮ ಕನ್ನಡ ಫಾಂಟುಗಳ ಒಳಗೂ ಇರುವುದು.

ಹವ್ಯಾಸಿಗಳ ಕೈಗೆ ಇದು ನಿಲುಕಿದ್ದು ‘ಗರ್ಬಲ್’ ಎಂಬ ಉಚಿತ ನಿಯಂತ್ರಕ ತಂತ್ರಾಂಶದಿಂದ. ನಾರ್ವೆಯ ಸಿಮೆನ್ ಸ್ಕೋಗ್ಸ್‌ರುಡ್ 2009ರಲ್ಲಿ ಇದನ್ನು ಆರಂಭಿಸಿದರು. ಕೇವಲ 2 ಕಿಲೋಬೈಟ್ ಕಾರ್ಯಸ್ಮೃತಿಯುಳ್ಳ ಆರ್ಡುಯಿನೋ ಊನೋ ಬೋರ್ಡಿನಲ್ಲಿ ಇದು ಮೂರು ಅಕ್ಷಗಳನ್ನು ಒಟ್ಟಿಗೆ ನಡೆಸುತ್ತದೆ. ‘3018’ ಎಂದು ಕರೆಯುವ, ಸುಮಾರು 300 ಮಿ.ಮೀ. ಉದ್ದ 180 ಮಿ.ಮೀ. ಅಗಲದ ಕೆಲಸದ ಜಾಗವಿರುವ ಚಿಕ್ಕ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ.

3. ಯಂತ್ರಕ್ಕೆ ತಿಳಿಯುವ ಭಾಷೆ

ನಾವು ಬರೆಯುವ ತಂತ್ರಾಂಶ ಕೊನೆಗೆ ಕೊಡಬೇಕಾದದ್ದು ‘ಜಿ-ಕೋಡ್’ ಎಂಬ ಸರಳ ಪಠ್ಯ ಕಡತ. ಒಂದು ಗೆರೆ ಕೊರೆಯುವ ಆದೇಶ ಹೀಗಿರುತ್ತದೆ. (ಇಲ್ಲಿ ಓದುವ ಅನುಕೂಲಕ್ಕೆ ಕನ್ನಡದಲ್ಲಿ ಕೊಟ್ಟಿದ್ದೇವೆ. ಕಡತದಲ್ಲಿ ರೋಮನ್ ಅಕ್ಷರಗಳೇ ಇರಬೇಕು.)

ಜಿ21 – ಅಳತೆ ಮಿಲಿಮೀಟರಿನಲ್ಲಿ
ಜಿ90 – ಎಲ್ಲ ಅಳತೆಯೂ ಸೊನ್ನೆ ಬಿಂದುವಿನಿಂದ
ಎಂ3 ಎಸ್10000 – ಸ್ಪಿಂಡಲ್ ನಿಮಿಷಕ್ಕೆ 10,000 ಸುತ್ತು ತಿರುಗಲಿ
ಜಿ0 ಝಡ್5 – ಕಟರ್ ಹಲಗೆಗಿಂತ 5 ಮಿ.ಮೀ. ಮೇಲೇಳಲಿ
ಜಿ0 ಎಕ್ಸ್10 ವೈ10 – ವೇಗವಾಗಿ ಆರಂಭದ ಜಾಗಕ್ಕೆ ಹೋಗಲಿ
ಜಿ1 ಝಡ್-1 ಎಫ್150 – ನಿಧಾನವಾಗಿ 1 ಮಿ.ಮೀ. ಇಳಿಯಲಿ
ಜಿ1 ಎಕ್ಸ್50 ಎಫ್600 – ನಿಮಿಷಕ್ಕೆ 600 ಮಿ.ಮೀ. ವೇಗದಲ್ಲಿ ಕೊರೆಯಲಿ
ಜಿ0 ಝಡ್5 – ಮತ್ತೆ ಮೇಲೇಳಲಿ
ಎಂ5 – ಸ್ಪಿಂಡಲ್ ನಿಲ್ಲಲಿ
ಎಂ30 – ಕೆಲಸ ಮುಗಿಯಿತು

ಜಿ2 ಮತ್ತು ಜಿ3 ಎಂಬವು ಕಂಸರೇಖೆಗೆ. ಮೊದಲನೆಯದು ಪ್ರದಕ್ಷಿಣೆ, ಎರಡನೆಯದು ಅಪ್ರದಕ್ಷಿಣೆ.

ಮಿಲಿಮೀಟರನ್ನು ಮೋಟಾರಿನ ಹೆಜ್ಜೆಗಳಾಗಿ ಬದಲಿಸುವ ಕೆಲಸ ಗರ್ಬಲ್‌ನದು. ಸಾಮಾನ್ಯ ಸ್ಟೆಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಪ್ರತಿ ಹೆಜ್ಜೆಯನ್ನು 16 ಭಾಗ ಮಾಡಿದರೆ 3,200. ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಸರಿಯುವುದಾದರೆ, 1 ಮಿ.ಮೀ.ಗೆ 800 ಹೆಜ್ಜೆ. ಈ ಸಂಖ್ಯೆ ತಪ್ಪಿದ್ದರೆ ತಂತ್ರಾಂಶ ಎಷ್ಟೇ ಚೆನ್ನಾಗಿದ್ದರೂ ಅಳತೆ ಬರುವುದಿಲ್ಲ. ಆದ್ದರಿಂದ ಮೊದಲು 100 ಮಿ.ಮೀ. ಸರಿಸಿ, ಸ್ಕೇಲ್ ಇಟ್ಟು ನೋಡಿಕೊಳ್ಳಬೇಕು.

4. ಪದದಿಂದ ಅಕ್ಷರದ ಆಕಾರಕ್ಕೆ

ಇಡೀ ಕೆಲಸದಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಹಂತ ಇದು. ಯೂನಿಕೋಡ್‌ನಲ್ಲಿ ‘ಗ್ರಂಥಾಲಯ’ ಎಂಬುದು ಗ, ಹಲಂತ, ರ, ಸೊನ್ನೆ, ಥ, ದೀರ್ಘ, ಲ, ಯ ಎಂದು 8 ಸಂಕೇತಗಳು. ನಮ್ಮ ಕಣ್ಣಿಗೆ ಅದು ಗ್ರಂ, ಥಾ, ಲ, ಯ ಎಂದು 4 ಅಕ್ಷರ. ಎಂಟನ್ನು ನಾಲ್ಕಾಗಿ ಜೋಡಿಸುವ ನಿಯಮಗಳು ಫಾಂಟಿನೊಳಗೇ ಇರುತ್ತವೆ. ಅವನ್ನು ಓದಿ ಜಾರಿಗೆ ತರುವ ‘ಹಾರ್ಫ್‌ಬಜ್’ ಎಂಬ ಉಚಿತ ಸಾಧನವಿದೆ. ನಾವು ಪದ ಕೊಟ್ಟರೆ, ಯಾವ ಆಕಾರ ಎಲ್ಲಿ ಕೂರಬೇಕೆಂದು ಅದು ಪಟ್ಟಿ ಕೊಡುತ್ತದೆ. ಪೈಥಾನ್ ಭಾಷೆಯಿಂದ ಇದನ್ನು ಬಳಸಬಹುದು. ಈ ನಿಯಮಗಳನ್ನು ಮತ್ತೆ ಕೈಯಾರೆ ಬರೆಯುವ ಶ್ರಮ ಬೇಡ.

ಪಟ್ಟಿ ಸಿಕ್ಕ ಮೇಲೆ, ಆಯಾ ಆಕಾರದ ಅಂಚಿನ ಗೆರೆಗಳನ್ನು ‘ಫಾಂಟ್‌ಟೂಲ್ಸ್’ ಎಂಬ ಪೈಥಾನ್ ಸಂಗ್ರಹದಿಂದ ತೆಗೆಯಬಹುದು. ಇಲ್ಲಿ ನಾಲ್ಕು ಎಚ್ಚರಿಕೆಗಳು:

ಒಂದು, ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಡತ ಯೂನಿಕೋಡ್ ಆಗಿರದಿರಬಹುದು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ನೋಟೋ ಸ್ಯಾನ್ಸ್ ಕನ್ನಡ, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟುಗಳು ಈ ಕೆಲಸಕ್ಕೆ ಒದಗುತ್ತವೆ.

ಎರಡು, ಗುಣಿತದ ಚಿಹ್ನೆ ಮತ್ತು ಮೂಲ ಅಕ್ಷರ ಬೇರೆಬೇರೆ ತುಂಡುಗಳಾಗಿದ್ದು ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಪರದೆಯ ಮೇಲೆ ಕಪ್ಪು ತುಂಬಿದಾಗ ಇದು ಕಾಣುವುದಿಲ್ಲ. ಆದರೆ ಕಟರ್ ಅಂಚಿನ ಮೇಲೆ ನಡೆಯುವುದರಿಂದ, ಹತ್ತಿ ಕೂತ ಕಡೆ ಅಕ್ಷರದ ಮೈಮೇಲೆ ಅಡ್ಡಗೆರೆ ಬೀಳುತ್ತದೆ. ಎಲ್ಲ ತುಂಡುಗಳನ್ನೂ ಮೊದಲು ಬೆಸೆದು ಒಂದೇ ಆಕಾರ ಮಾಡಬೇಕು. ‘ಶೇಪ್ಲಿ’ ಎಂಬ ಸಂಗ್ರಹದಲ್ಲಿ ಇದಕ್ಕೆ ಒಂದೇ ಆದೇಶ ಸಾಕು.

ಮೂರು, ಎತ್ತರದ ಲೆಕ್ಕ. ಫಾಂಟಿನ ಅಳತೆ ಸಾಮಾನ್ಯವಾಗಿ 1,000 ಅಥವಾ 2,048 ಘಟಕಗಳ ಚೌಕದಲ್ಲಿರುತ್ತದೆ. ಆ ಚೌಕವನ್ನೇ ಅಕ್ಷರದ ಎತ್ತರ ಎಂದುಕೊಳ್ಳಬಾರದು. ‘ಶಾಸ್ತ್ರ’ದಂಥ ಪದದಲ್ಲಿ ಒತ್ತು ಬಹಳ ಕೆಳಗಿಳಿಯುತ್ತದೆ. ಬೆಸೆದ ಆಕಾರದ ನಿಜವಾದ ಮೇಲ್ತುದಿ, ಕೆಳತುದಿ ಅಳೆದ ಮೇಲೆಯೇ ಹಲಗೆಯಲ್ಲಿ ಕೂರಿಸಬೇಕು.

ನಾಲ್ಕು, ಯಂತ್ರದಲ್ಲೂ ಫಾಂಟಿನಲ್ಲೂ ವೈ ಅಳತೆ ಮೇಲಕ್ಕೆ ಏರುತ್ತದೆ. ಪರದೆಯ ಚಿತ್ರಗಳಲ್ಲಿ ಕೆಳಕ್ಕೆ ಏರುತ್ತದೆ. ಪರದೆಗೆ ಮಾಡಿದ ಲೆಕ್ಕವನ್ನೇ ಯಂತ್ರಕ್ಕೆ ಕಳಿಸಿದರೆ ಅಕ್ಷರ ತಲೆಕೆಳಗಾಗುತ್ತದೆ.

5. ಆಕಾರದಿಂದ ಕಟರಿನ ದಾರಿಗೆ

ಬೆಜಿಯೆ ರೇಖೆ ಗರ್ಬಲ್‌ಗೆ ತಿಳಿಯದು. ಅದನ್ನು ಸಣ್ಣ ನೇರ ಗೆರೆಗಳಾಗಿ ಒಡೆಯಬೇಕು. ಎಷ್ಟು ಸಣ್ಣದು? ಗೆರೆಯ ಉದ್ದದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಬರುವ ವ್ಯತ್ಯಾಸ ಹೆಚ್ಚುಕಡಿಮೆ ಸಿಗುತ್ತದೆ. 10 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ 0.02 ಮಿ.ಮೀ. ವ್ಯತ್ಯಾಸ ಒಪ್ಪಿಗೆಯಾದರೆ, ಗೆರೆ ಸುಮಾರು 1.26 ಮಿ.ಮೀ. ಇರಬಹುದು. ಅತಿ ಸಣ್ಣದು ಮಾಡಿದರೂ ತೊಂದರೆ: ಗರ್ಬಲ್ ಮುಂದಿನ ಕೆಲವೇ ಚಲನೆಗಳನ್ನು ನೋಡಿ ವೇಗ ನಿರ್ಧರಿಸುವುದರಿಂದ ಯಂತ್ರ ತಡವರಿಸಿ ನಡೆಯುತ್ತದೆ.

ಆಮೇಲೆ ಕಟರಿನ ದಪ್ಪ. 40 ಮಿ.ಮೀ. ಚೌಕವನ್ನು 3 ಮಿ.ಮೀ. ಕಟರಿನಿಂದ ಗೆರೆಯ ಮೇಲೆಯೇ ಕತ್ತರಿಸಿದರೆ ಕೈಗೆ ಬರುವುದು 37 ಮಿ.ಮೀ. ತುಂಡು. ದಾರಿಯನ್ನು 1.5 ಮಿ.ಮೀ. ಹೊರಗೆ ಸರಿಸಬೇಕು. ಕಾರ್ಖಾನೆಯ ಯಂತ್ರದಲ್ಲಿ ಜಿ41, ಜಿ42 ಎಂದು ಹಾಕಿದರೆ ನಿಯಂತ್ರಕವೇ ಸರಿಸಿಕೊಳ್ಳುತ್ತದೆ. ಗರ್ಬಲ್‌ನಲ್ಲಿ ಅವು ಇಲ್ಲ. ಕಾರ್ಖಾನೆಯಲ್ಲಿ ಕೈ ಪಳಗಿದ ಮಕ್ಕಳು ಇದನ್ನು ಮುಖ್ಯವಾಗಿ ಗಮನಿಸಬೇಕು. ಲೆಕ್ಕವನ್ನು ನಮ್ಮ ತಂತ್ರಾಂಶವೇ ಮಾಡಬೇಕು. ಶೇಪ್ಲಿಯಲ್ಲಿ ಇದಕ್ಕೂ ಆದೇಶವಿದೆ.

ನಮ್ಮ ಅಕ್ಷರಗಳೆಲ್ಲ ದುಂಡು, ಸುರುಳಿ. ಕಟರಿನ ದಪ್ಪಕ್ಕಿಂತ ಕಿರಿದಾದ ಸಂದಿಗೆ ಕಟರ್ ಹೋಗಲಾರದು. ಚಿಕ್ಕ ಅಕ್ಷರಕ್ಕೆ 3 ಮಿ.ಮೀ. ಕಟರ್ ಹಾಕಿದರೆ ‘ಣ’, ‘ಜ’ಗಳ ಒಳಸುರುಳಿ ಮಾಯವಾಗುತ್ತದೆ. ಅಂಥ ಜಾಗ ಸಿಕ್ಕಾಗ ತಂತ್ರಾಂಶ ಸುಮ್ಮನೆ ಬಿಟ್ಟುಬಿಡದೆ ಕೆಂಪು ಬಣ್ಣದಲ್ಲಿ ತೋರಿಸಲಿ. ಅಕ್ಷರಗಳನ್ನು ಆರಪಾರ ಕತ್ತರಿಸುವುದಾದರೆ ಇನ್ನೊಂದು ಪ್ರಶ್ನೆ: ಸೊನ್ನೆಯ ಒಳಭಾಗ, ‘ಠ’ದ ಒಳಭಾಗ ಬಿದ್ದುಹೋಗುತ್ತವೆ. ಅಲ್ಲಲ್ಲಿ ಸಣ್ಣ ಸೇತುವೆ ಬಿಡಬೇಕು.

6. ವಿ-ಕಟರ್ ಬಳಸುವಾಗ

ನಾಮಫಲಕಕ್ಕೆ ಅಂದ ಬರುವುದು ಚೂಪುಮೊನೆಯ ವಿ-ಕಟರಿನಿಂದ. ಗೆರೆ ದಪ್ಪವಿದ್ದಲ್ಲಿ ಕಟರ್ ಆಳಕ್ಕಿಳಿಯುತ್ತದೆ, ಸಣ್ಣದಾದಲ್ಲಿ ಮೇಲೇಳುತ್ತದೆ. ಆಳದ ಲೆಕ್ಕ ಸುಲಭ: ಗೆರೆಯ ಅಗಲದ ಅರ್ಧವನ್ನು ಕಟರ್ ಕೋನದ ಅರ್ಧದ ‘ಟ್ಯಾನ್’ ಬೆಲೆಯಿಂದ ಭಾಗಿಸುವುದು. 4 ಮಿ.ಮೀ. ಅಗಲದ ಗೆರೆಗೆ 90 ಡಿಗ್ರಿ ಕಟರಾದರೆ 2 ಮಿ.ಮೀ. ಆಳ, 60 ಡಿಗ್ರಿಯಾದರೆ ಸುಮಾರು 3.46 ಮಿ.ಮೀ. ಆಕಾರದ ಅಂಚನ್ನು 0.1 ಮಿ.ಮೀ. ಅಂತರದಲ್ಲಿ ಪದೇಪದೇ ಒಳಗೆ ಸರಿಸುತ್ತ, ಪ್ರತಿ ಬಾರಿಯೂ ಈ ಲೆಕ್ಕದಂತೆ ಆಳ ಹೆಚ್ಚಿಸುತ್ತ ಹೋದರೆ ಸಾಕು. ಸಮಯ ಹಿಡಿಯುತ್ತದೆ, ಆದರೆ ಬರೆಯಲು ಸುಲಭ.

ವೇಗಕ್ಕೆ ಸೂತ್ರ: ಸುತ್ತು × ಕಟರಿನ ಹಲ್ಲುಗಳು × ಒಂದು ಹಲ್ಲು ಕಡಿಯುವ ದಪ್ಪ. 10,000 ಸುತ್ತು, 2 ಹಲ್ಲು, 0.05 ಮಿ.ಮೀ. ಎಂದರೆ ನಿಮಿಷಕ್ಕೆ 1,000 ಮಿ.ಮೀ. ಚಿಕ್ಕ ಯಂತ್ರ ಅದುರುವುದರಿಂದ ಇದಕ್ಕಿಂತ ಕಡಿಮೆಯಲ್ಲಿ ಆರಂಭಿಸುವುದು ಕ್ಷೇಮ.

7. ಯಂತ್ರಕ್ಕೆ ಕಳುಹಿಸುವುದು

ಗರ್ಬಲ್ ಒಂದು ಸಾಲು ಸ್ವೀಕರಿಸಿದ ಮೇಲೆ ‘ಓಕೆ’ ಎಂದು ಮರುತ್ತರ ಕೊಡುತ್ತದೆ. ಕಚೇರಿಯಲ್ಲಿ ಟಪಾಲಿಗೆ ಸ್ವೀಕೃತಿ ಪಡೆದಂತೆ, ಅದು ಬಂದ ಮೇಲೆಯೇ ಮುಂದಿನ ಸಾಲು ಕಳಿಸಬೇಕು. ದೋಷ ಎಂದು ಉತ್ತರ ಬಂದರೆ ಅಲ್ಲಿಯೇ ನಿಲ್ಲಿಸಬೇಕೇ ಹೊರತು ಮುಂದಿನ ಸಾಲು ತಳ್ಳಬಾರದು.

ಹಲಗೆ 300 ಮಿ.ಮೀ.ಗಿಂತ ಉದ್ದವಿದ್ದರೆ ಕೆಲಸವನ್ನು ಭಾಗ ಮಾಡಬೇಕಾಗುತ್ತದೆ. ಭಾಗ ಮಾಡುವುದು ಅಕ್ಷರ ಅಕ್ಷರಗಳ ನಡುವೆ. ಅಕ್ಷರಕ್ಕೂ ಅದರ ಒತ್ತಿಗೂ ನಡುವೆ ಅಲ್ಲ. ಹಾರ್ಫ್‌ಬಜ್ ಕೊಡುವ ಪಟ್ಟಿಯಲ್ಲಿ ಯಾವ ಆಕಾರಗಳು ಒಂದೇ ಗುಂಪಿಗೆ ಸೇರಿವೆ ಎಂಬ ಗುರುತೂ ಇರುತ್ತದೆ; ಅದನ್ನು ಬಳಸಿಕೊಳ್ಳಿ.

8. ಕೊರೆಯುವ ಮುನ್ನ

ಅ) ಅದೇ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಕನ್ನಡ ಚೆನ್ನಾಗಿ ಓದಬಲ್ಲ ಇಬ್ಬರಿಂದ ಓದಿಸಿ, ಕೆಳಗೆ ಸಹಿ ಹಾಕಿಸಿಕೊಳ್ಳಿ. ‘ಥ’ ಮತ್ತು ‘ಧ’, ‘ಷ’ ಮತ್ತು ‘ಪ’, ಹಾಗೂ ಮಹಾಪ್ರಾಣದ ಸೀಳನ್ನು ವಿಶೇಷವಾಗಿ ನೋಡಲಿ.
ಆ) ಕಟರ್ ಹಲಗೆಗೆ ತಾಗದಂತೆ ಎತ್ತರದಲ್ಲಿಟ್ಟು ಇಡೀ ಪ್ರೋಗ್ರಾಂ ಒಮ್ಮೆ ಗಾಳಿಯಲ್ಲಿ ನಡೆಸಿ.
ಇ) ಕಟರ್ ಕೆಳಗಿರುವಾಗ ಅಡ್ಡಕ್ಕೆ ಸರಿಸುವ ಜಿ0 ಬಂದರೆ ಕಟರ್ ಮುರಿಯಬಹುದು. ಅಂಥ ಸಾಲು ಇದೆಯೇ ಎಂದು ತಂತ್ರಾಂಶವೇ ಹುಡುಕಿ ಹೇಳಲಿ.
ಈ) ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಎಂಡಿಎಫ್ ಹಲಗೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸಡಿಲ ತೋಳಿನ ಬಟ್ಟೆ ಬೇಡ.
ಉ) ತುರ್ತು ನಿಲುಗಡೆಯ ಗುಂಡಿ ಕೈಗೆಟಕುವಂತಿರಲಿ. ಯಂತ್ರ ನಡೆಯುವಾಗ ಬಿಟ್ಟು ಹೋಗಬೇಡಿ.

ಕೊನೆಯದಾಗಿ

ಮೇಲಿನದೆಲ್ಲ ಸೇರಿ ಕೆಲವು ನೂರು ಸಾಲಿನ ಪೈಥಾನ್ ಪ್ರೋಗ್ರಾಂನಲ್ಲಿ ಮುಗಿಯುವ ಕೆಲಸ. ಮೊದಲು ನೇರ ಗೆರೆ, ಆಮೇಲೆ ಒಂದು ‘ರ’, ಆಮೇಲೆ ಒಂದು ಒತ್ತಕ್ಷರ, ಕೊನೆಗೆ ಇಡೀ ಹೆಸರು ಎಂದು ಹಂತಹಂತವಾಗಿ ಹೋಗುವುದು ಒಳ್ಳೆಯದು. ಯಂತ್ರ ತಿಳಿದ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಬರೆದು ಅಭ್ಯಾಸವಿಲ್ಲ. ಕನ್ನಡ ಬಲ್ಲ ನಮ್ಮಂಥ ಹಿರಿಯರಿಗೆ ಯಂತ್ರ ತಿಳಿಯದು. ಇಬ್ಬರೂ ಒಂದೇ ಮೇಜಿನ ಮುಂದೆ ಕೂರದೆ ಫಲಕ ಸರಿಯಾಗಿ ಬರುವುದಿಲ್ಲ. ಅಕ್ಷರ ಪರಿಶೀಲನೆಗೆ ಹಿರಿಯ ಸದಸ್ಯರು ಹೆಸರು ಕೊಡಬೇಕೆಂದೂ, ತಮ್ಮ ಬೀದಿಯಲ್ಲಿ ಅಳಿಸಿಹೋಗಿರುವ ಅಥವಾ ತಪ್ಪಾಗಿರುವ ಕನ್ನಡ ಫಲಕಗಳ ವಿವರವನ್ನು ಎಲ್ಲ ಸದಸ್ಯರೂ ಬರೆದು ಸಂಘದ ಕಚೇರಿಗೆ ತಲುಪಿಸಬೇಕೆಂದೂ ಕೋರುತ್ತೇವೆ.

ಇಂತಿ,
ಕಾರ್ಯದರ್ಶಿ