ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಆಕಾಶಮಾರ್ಗದ ದೂರ ಮತ್ತು ಹಾರಾಟದ ಅವಧಿ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ತಿಳಿಯಲು ಅವುಗಳ ಅಕ್ಷಾಂಶ, ರೇಖಾಂಶ ಸಾಕು. ಆ ದೂರವನ್ನು ವಿಮಾನದ ವೇಗದಿಂದ ಭಾಗಿಸಿ ಪ್ರಯಾಣದ ಅವಧಿ ಹೇಳುವ ರೂಢಿ ಮಾತ್ರ ದೀರ್ಘ ಮಾರ್ಗಗಳಲ್ಲಿ ನಿಲ್ಲುವುದಿಲ್ಲ. ದೂರವನ್ನು ಭೂಮಿಯ ಆಕಾರ ನಿರ್ಧರಿಸುತ್ತದೆ. ಅವಧಿಯನ್ನು ಗಾಳಿ, ಪರ್ವತ, ದೇಶಗಳ ಗಡಿ ನಿರ್ಧರಿಸುತ್ತವೆ.

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿರುವುದು ಉತ್ತರ ಅಕ್ಷಾಂಶ 13.2, ಪೂರ್ವ ರೇಖಾಂಶ 77.7 ಡಿಗ್ರಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಉತ್ತರ ಅಕ್ಷಾಂಶ 37.6, ಪಶ್ಚಿಮ ರೇಖಾಂಶ 122.4 ಡಿಗ್ರಿಯಲ್ಲಿದೆ. ರೇಖಾಂಶಗಳ ಅಂತರ ಸುಮಾರು 160 ಡಿಗ್ರಿ. ಗೋಳೀಯ ತ್ರಿಕೋನಮಿತಿಯ ಪ್ರಕಾರ ಇವೆರಡರ ನಡುವಿನ ಮಹಾವೃತ್ತದ (ಗೋಳದ ಮೇಲಿನ ಅತಿ ಚಿಕ್ಕ ಹಾದಿಯ) ಕಂಸ 125.8 ಡಿಗ್ರಿ, ಡಿಗ್ರಿಗೆ 111.2 ಕಿ.ಮೀ.ನಂತೆ ಸುಮಾರು 13,990 ಕಿ.ಮೀ. ಈ ಹಾದಿ ಹೆಚ್ಚೆಂದರೆ 71 ಡಿಗ್ರಿ ಅಕ್ಷಾಂಶದವರೆಗೆ ಏರುತ್ತದೆ, ಧ್ರುವವನ್ನು ಮುಟ್ಟುವುದಿಲ್ಲ. ಧ್ರುವವನ್ನೇ ಹಾಯ್ದು ಹೋದರೆ? ಇಲ್ಲಿಂದ ಧ್ರುವಕ್ಕೆ 76.8 ಡಿಗ್ರಿ, ಅಲ್ಲಿಂದ ಮುಂದಕ್ಕೆ 52.4, ಒಟ್ಟು ಸುಮಾರು 14,370 ಕಿ.ಮೀ. ಹೆಚ್ಚಾಗುವುದು 380 ಕಿ.ಮೀ. ಮಾತ್ರ, ಶೇ. 3ಕ್ಕಿಂತ ಕಡಿಮೆ. ಈ ಮಾರ್ಗದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ ಇದೇ. ನೂರಾರು ಕಿ.ಮೀ. ಆಚೀಚೆ ಸರಿದರೂ ನಷ್ಟ ಅಲ್ಪವಾದ್ದರಿಂದ, ಯಾವ ದಾರಿ ಹಿಡಿಯಬೇಕೆಂಬುದನ್ನು ಗಾಳಿ ನೋಡಿಕೊಂಡು ತೀರ್ಮಾನಿಸಬಹುದು.

ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲೇ, ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದುಂಟು. ಗಾಳಿಗೆ ಹೋಲಿಸಿದ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದಿಟ್ಟುಕೊಳ್ಳೋಣ. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಎದುರುಗಾಳಿಯಿದ್ದರೆ 14,000 ಕಿ.ಮೀ.ಗೆ 16 ಗಂಟೆ 40 ನಿಮಿಷ ಬೇಕು. ಅಷ್ಟೇ ಗಾಳಿ ಹಿಂದಿನಿಂದ ಬೀಸಿದರೆ 14 ಗಂಟೆ 35 ನಿಮಿಷ ಸಾಕು. ಮಕ್ಕಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿಬರುವ, ಮಂಡಿನೋವಿನ ಹಿರಿಯರ ಪಾಲಿಗೆ ಈ ಎರಡು ಗಂಟೆ ಸಣ್ಣದಲ್ಲ.

ಏರ್ ಇಂಡಿಯಾ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನಡೆಸಿದ ಮೊದಲ ನೇರ ಹಾರಾಟ ಉತ್ತರ ಧ್ರುವದ ಮೇಲಿನಿಂದಲೇ ಬಂತು. ಕ್ಯಾಪ್ಟನ್ ಜೋಯಾ ಅಗರವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು; ಹಿಡಿದ ಸಮಯ ಸುಮಾರು 17 ಗಂಟೆ. ಅದನ್ನು ಬರಿಯ ಸಾಹಸವೆಂದು ಹೊಗಳಿದರೆ ಅದರ ಹಿಂದಿನ ಲೆಕ್ಕಾಚಾರಕ್ಕೆ ಅನ್ಯಾಯವಾಗುತ್ತದೆ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟತೊಡಗುವುದರಿಂದ ಟ್ಯಾಂಕಿನ ಉಷ್ಣಾಂಶದ ಮೇಲೆ ಕಣ್ಣಿಟ್ಟಿರಬೇಕು. ಎಂಜಿನ್ ಕೈಕೊಟ್ಟರೆ ಇಳಿಯಬಹುದಾದ ನಿಲ್ದಾಣಗಳನ್ನೂ ಮೊದಲೇ ಗುರುತಿಸಿರಬೇಕು.

ಮಹಾವೃತ್ತದ ಹಾದಿಗೆ ಇನ್ನೊಂದು ಅಡ್ಡಿ ಟಿಬೆಟ್ ಪ್ರಸ್ಥಭೂಮಿ. ಕ್ಯಾಬಿನ್ನಿನ ಒತ್ತಡ ಕುಸಿದಾಗ ವಿಮಾನ ಸುಮಾರು 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ರಷ್ಯಾದ ವಾಯುಪ್ರದೇಶ 2022ರಿಂದ ಅಮೆರಿಕದ ವಿಮಾನಗಳಿಗೆ ಮುಚ್ಚಿದೆ, ಏರ್ ಇಂಡಿಯಾಕ್ಕೆ ತೆರೆದಿದೆ. ಹೀಗಾಗಿ ಒಂದೇ ಜೋಡಿ ಊರುಗಳ ನಡುವೆಯೂ ಯಾರ ವಿಮಾನ ಎಂಬುದರ ಮೇಲೆ ಅವಧಿ ಬದಲಾಗುತ್ತದೆ. ದೂರದ ಕೋಷ್ಟಕಗಳಲ್ಲಿ ಅವಧಿಗೆ ಒಂದೇ ಅಂಕಿ ಕೊಡುವ ಬದಲು ದಿಕ್ಕು ಮತ್ತು ಋತುವಿಗೆ ತಕ್ಕಂತೆ ಕನಿಷ್ಠ–ಗರಿಷ್ಠ ಮಿತಿಗಳನ್ನು ಕೊಡುವುದೇ ಸರಿ.