ಮರುಭೂಮಿಯಲ್ಲಿ ರೈಲೂ ಲಾರಿಯೂ

ಒಂದು ಪಲ್ಲ ರಾಗಿಯನ್ನು ಹತ್ತು ಮೈಲಿ ಸಾಗಿಸಬೇಕಾದರೆ ಒಂದು ಜೊತೆ ಎತ್ತೂ ಒಂದು ಗಾಡಿಯೂ ಸಾಕು. ಅದನ್ನೇ ಸಾವಿರ ಮೈಲಿ ಸಾಗಿಸಬೇಕಾದರೆ ನೀರು, ಇಂಧನ, ಸೇತುವೆ, ದುರಸ್ತಿಯ ಆಳುಗಳು, ಇವೆಲ್ಲ ದಾರಿಯುದ್ದಕ್ಕೂ ಬೇಕು. ಬಿಸಿಲೂ ನೆರೆಯೂ ಉಗ್ರವಾಗಿರುವ ನಾಡಿನಲ್ಲಿ ಇವುಗಳಲ್ಲಿ ಒಂದು ತಪ್ಪಿದರೂ ದಾರಿಯ ಕೊನೆಯಲ್ಲಿರುವ ಊರಿನ ಉಗ್ರಾಣ ಬರಿದಾಗುವುದು. ಇಂಥ ಕಡೆ ಸರಕು ಹೊರಲು ರೈಲು ಮೇಲೋ ಲಾರಿ ಮೇಲೋ? ಈ ಪ್ರಶ್ನೆಗೆ ಇತಿಹಾಸವು ಕೊಡುವ ಉತ್ತರವನ್ನು ಕೇಳಲು ನಾವು ಈ ಹೊತ್ತು ಆಸ್ಟ್ರೇಲಿಯಾ ಖಂಡದ ನಡುನಾಡಿಗೆ ಹೋಗಿಬರೋಣ.

ದಕ್ಷಿಣದ ಅಡಿಲೇಡ್ ನಗರದಿಂದ ಉತ್ತರದ ಡಾರ್ವಿನ್ ರೇವಿಗೆ ೧೮೦೦ ಮೈಲಿಗೂ ಮಿಕ್ಕ ದಾರಿ. ನಡುವೆ ಇರುವುದೆಲ್ಲ ಕೆಂಪು ಮರಳು, ಮುಳ್ಳು ಪೊದೆ, ವರ್ಷದ ಬಹುಭಾಗ ಒಣಗಿ ಬಿದ್ದಿರುವ ಹೊಳೆಗಳು. ಅಲ್ಲಿನ ಊಡ್ನಡಾಟ ಎಂಬ ಊರಿನಲ್ಲಿ ೧೯೬೦ರ ಜನವರಿ ೨ರಂದು ತಾಪವು ಫ್ಯಾರನ್‌ಹೀಟ್ ೧೨೩ ಡಿಗ್ರಿಯನ್ನು ಮುಟ್ಟಿತು. ಈ ನಾಡಿನಲ್ಲಿ ರೈಲಿಗೆ ಮುಂಚೆ ಹೊರೆ ಹೊತ್ತವು ಒಂಟೆಗಳು. ಅವು ನಮ್ಮ ಕಡೆಯ ಕರಾಚಿ ರೇವಿನಿಂದ ಹಡಗು ಹತ್ತಿ ಹೋದವು. ಅವನ್ನು ನಡೆಸಿದವರಲ್ಲಿ ಬಲೂಚಿಗಳೂ ಪಠಾಣರೂ ಪಂಜಾಬಿಗಳೂ ಇದ್ದರು. ಅಲ್ಲಿನ ಜನ ಎಲ್ಲರನ್ನೂ ಅಫ್ಘನರೆಂದೇ ಕರೆದರು. ಮುಂದೆ ಆ ದಾರಿಯ ರೈಲಿಗೆ ‘ಘಾನ್’ ಎಂಬ ಹೆಸರು ಬಂದದ್ದು ಇವರಿಂದಲೇ ಎಂದು ಹೇಳುವುದುಂಟು.

೧೮೭೮ರಲ್ಲಿ ಪೋರ್ಟ್ ಆಗಸ್ಟದಿಂದ ಉತ್ತರಕ್ಕೆ ಹಳಿ ಹಾಕಲು ತೊಡಗಿದರು. ೧೮೯೧ರಲ್ಲಿ ಅದು ಊಡ್ನಡಾಟಕ್ಕೆ ಬಂದು ನಿಂತಿತು. ಆಲಿಸ್ ಸ್ಪ್ರಿಂಗ್ಸ್ ಊರನ್ನು ಮುಟ್ಟಿದ್ದು ೧೯೨೯ರಲ್ಲಿ. ಡಾರ್ವಿನ್ನಿನಿಂದ ದಕ್ಷಿಣಕ್ಕೆ ಬಂದ ಇನ್ನೊಂದು ಹಳಿಯೂ ಅದೇ ವರ್ಷ ಬರ್ಡಂ ಎಂಬಲ್ಲಿ ಕೊನೆಗಂಡಿತು. ನಡುವೆ ೬೦೦ ಮೈಲಿಗೂ ಮಿಕ್ಕ ತೆರಪು ಉಳಿಯಿತು. ೧೯೧೧ರಲ್ಲಿ ಉತ್ತರ ಪ್ರಾಂತವನ್ನು ವಹಿಸಿಕೊಂಡಾಗ ಒಕ್ಕೂಟ ಸರ್ಕಾರವು ಈ ದಾರಿಯನ್ನು ಪೂರ್ತಿಗೊಳಿಸುವುದಾಗಿ ಮಾತು ಕೊಟ್ಟಿದ್ದಿತು.

ಉಕ್ಕಿನ ಚಕ್ರವು ಉಕ್ಕಿನ ಹಳಿಯ ಮೇಲೆ ಉರುಳುವಾಗ ತಡೆ ಬಹು ಕಡಿಮೆ. ಆದ್ದರಿಂದಲೇ ಒಂದು ಎಂಜಿನ್ನು ಹತ್ತಾರು ಬಂಡಿಗಳನ್ನು ಎಳೆಯಬಲ್ಲುದು. ಆದರೆ ಉಗಿಯ ಎಂಜಿನ್ನಿಗೆ ಹೆಜ್ಜೆಹೆಜ್ಜೆಗೂ ನೀರು ಬೇಕು. ಅದಕ್ಕಾಗಿ ಹಳಿಯು ಚಿಲುಮೆಗಳ ಸಾಲನ್ನು ಹಿಡಿದು, ಹೊಳೆಗಳ ತಗ್ಗನ್ನು ದಾಟುತ್ತ ಹೋಯಿತು. ಯಾವ ನೀರನ್ನು ಅರಸಿ ಅತ್ತ ಹೋದರೋ ಆ ನೀರೇ ಶತ್ರುವಾಯಿತು. ಎಲ್ಲಿಯೋ ಮಳೆ ಸುರಿದರೆ ಫಿಂಕ್ ಹೊಳೆ ತುಂಬಿ ಹಳಿಯನ್ನೂ ಸೇತುವೆಯನ್ನೂ ಕೊಚ್ಚುತ್ತಿದ್ದಿತು. ನೆರೆಯಿಲ್ಲದ ಕಾಲದಲ್ಲಿ ಗೆದ್ದಲು ಮರದ ಸ್ಲೀಪರುಗಳನ್ನು ತಿನ್ನುತ್ತಿದ್ದಿತು. ಎಂಜಿನ್ನಿನ ಹಿಂದೆಯೇ ಒಂದು ಬಂಡಿಯಲ್ಲಿ ಸ್ಲೀಪರುಗಳನ್ನೂ ಸಲಕರಣೆಗಳನ್ನೂ ಒಯ್ಯುತ್ತಿದ್ದರೆಂದರೆ ಆ ದಾರಿಯ ಮೇಲೆ ಅವರಿಗೆ ಎಷ್ಟು ನಂಬಿಕೆಯಿತ್ತೆಂಬುದನ್ನು ಊಹಿಸಬಹುದು.

ಈ ಕೊರತೆಯನ್ನು ತುಂಬಿದ್ದು ಲಾರಿ. ೧೯೪೨ರ ಫೆಬ್ರವರಿ ೧೯ರಂದು ಜಪಾನೀಯರು ಡಾರ್ವಿನ್ನಿನ ಮೇಲೆ ಬಾಂಬು ಹಾಕಿದರು. ಕಡಲ ದಾರಿ ಅಪಾಯಕ್ಕೆ ಸಿಕ್ಕಿತು. ಆಗ ಸೈನ್ಯದ ಲಾರಿಗಳ ಸಾಲುಗಳು ಆಲಿಸ್ ಸ್ಪ್ರಿಂಗ್ಸಿನಲ್ಲಿ ರೈಲಿನಿಂದ ಇಳಿದ ಸಾಮಾನನ್ನು ಉತ್ತರದ ಹಳಿಯ ತುದಿಗೆ ಮುಟ್ಟಿಸಿದವು. ಯುದ್ಧ ಮುಗಿದ ಮೇಲೆ ಕರ್ಟ್ ಯೋಹಾನ್ಸನ್ ಎಂಬಾತ ಸೈನ್ಯದವರು ಮಾರಿದ ಬಂಡಿಯೊಂದಕ್ಕೆ, ಮುಂದಿನ ಚಕ್ರದ ಜಾಡನ್ನೇ ಹಿಡಿದು ಬರುವ ತೇರುಗಳನ್ನು ಕಟ್ಟಿ ದನಗಳನ್ನು ಸಾಗಿಸಿದನು. ‘ರಸ್ತೆರೈಲು’ ಅಲ್ಲಿ ಹೀಗೆ ಬೇರೂರಿತು. ಲಾರಿಯ ಗುಣವೇನೆಂದರೆ, ಅದು ನೆರೆ ಇಳಿಯುವವರೆಗೆ ಕಾಯಬಲ್ಲುದು, ಸುತ್ತಿಕೊಂಡು ಹೋಗಬಲ್ಲುದು. ಹತ್ತರಲ್ಲಿ ಒಂದು ಕೆಟ್ಟರೆ ಉಳಿದ ಒಂಬತ್ತು ಮುಂದೆ ನಡೆಯುತ್ತವೆ. ಒಂಟಿ ಹಳಿಯಾದರೋ ಒಂದೆಡೆ ಕಿತ್ತರೆ ಸಾವಿರ ಮೈಲಿಯೂ ನಿಂತಂತೆ.

ಹಾಗಾದರೆ ರೈಲು ಸೋತಿತೆ? ಇಲ್ಲ. ೧೯೫೪ರಲ್ಲಿ ಡೀಸಲ್ ಎಂಜಿನ್ನು ಬಂದು ಚಿಲುಮೆಗಳ ಹಂಗು ತಪ್ಪಿತು. ೧೯೮೦ರಲ್ಲಿ ಹಳೆಯ ದಾರಿಯನ್ನು ಬಿಟ್ಟು, ಬಹು ದೂರ ಪಶ್ಚಿಮಕ್ಕೆ ನೆರೆಯ ಭಯ ಕಡಿಮೆಯಾದ ನೆಲದಲ್ಲಿ, ಗೆದ್ದಲು ಮುಟ್ಟದ ಕಾಂಕ್ರೀಟಿನ ಸ್ಲೀಪರುಗಳ ಮೇಲೆ ಹೊಸ ಹಳಿಯನ್ನು ಹಾಕಿದರು. ೨೦೦೪ರಲ್ಲಿ ಅದು ಡಾರ್ವಿನ್ನನ್ನು ಮುಟ್ಟಿತು. ೧೯೧೧ರ ಮಾತು ೯೩ ವರ್ಷಗಳ ಮೇಲೆ ನೆರವೇರಿತು. ಇಂದು ರಸ್ತೆರೈಲಿನ ಉದ್ದ ಹೆಚ್ಚೆಂದರೆ ೧೭೫ ಅಡಿ. ಈ ಹಳಿಯ ಮೇಲೆ ಒಂದು ಮೈಲಿಗೂ ಮಿಕ್ಕ ಉದ್ದದ ಸರಕು ರೈಲು ಓಡಬಲ್ಲುದು. ಅಷ್ಟು ಹೊರೆಯನ್ನು ಅಷ್ಟು ದೂರ ಲಾರಿಗಳಲ್ಲಿ ಒಯ್ಯಲು ಬೇಕಾಗುವ ಚಾಲಕರನ್ನೂ ಎಣ್ಣೆಯನ್ನೂ ಲೆಕ್ಕ ಹಾಕಿದರೆ ರೈಲಿನ ಮೇಲ್ಮೆ ತಾನೇ ತಿಳಿಯುತ್ತದೆ.

ಆದರೂ ಪ್ರಕೃತಿಯು ಸೋಲೊಪ್ಪಿದೆಯೆಂದು ತಿಳಿಯಲಾಗದು. ೨೦೧೧ರ ಡಿಸೆಂಬರಿನಲ್ಲಿ ಚಂಡಮಾರುತದ ನೆರೆಯಿಂದ ಈಡಿತ್ ಹೊಳೆಯ ಸೇತುವೆಯಲ್ಲಿ ಸರಕು ರೈಲೊಂದು ಹಳಿ ತಪ್ಪಿತು. ೨೦೨೨ರ ಜನವರಿಯ ಮಳೆ ದಕ್ಷಿಣ ಆಸ್ಟ್ರೇಲಿಯಾದ ಹಳಿಯನ್ನು ಹಲವು ಕಡೆ ಕೊಚ್ಚಿ, ಸರಕು ಮೂರು ವಾರಕ್ಕೂ ಮಿಕ್ಕಿ ತಡೆಯಿತು. ದೂರದ ಪರ್ತ್ ನಗರದ ಅಂಗಡಿಗಳಲ್ಲಿ ಕಪಾಟುಗಳು ಬರಿದಾದವು. ಆಗಲೂ ಕೈಹಿಡಿದದ್ದು ಲಾರಿಯೇ.

ಆದುದರಿಂದ ನಮ್ಮ ಮೊದಲ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕು. ಭಾರವಾದ ಸರಕಿಗೆ, ದೂರದ ಪಯಣಕ್ಕೆ ರೈಲೇ ಸರಿ. ಅದರ ಶಕ್ತಿಯನ್ನು ಮಾತ್ರ ಎಂಜಿನ್ನನ್ನು ನೋಡಿ ಅಳೆಯದೆ, ವರ್ಷದ ಅತಿ ಕೆಟ್ಟ ದಿನ ಹಳಿಯ ಕೆಳಗಿನ ನೆಲ ಹೇಗಿರುವುದೆಂದು ನೋಡಿ ಅಳೆಯಬೇಕು. ಅಂಥ ದಿನಕ್ಕಾಗಿ ಲಾರಿಯ ದಾರಿಯನ್ನೂ ಸಿದ್ಧವಾಗಿ ಇಟ್ಟುಕೊಂಡಿರುವುದು ವಿವೇಕ. ಇದನ್ನು ಕಲಿಯಲು ಆ ನಾಡಿಗೆ ನೂರು ವರ್ಷ ಹಿಡಿಯಿತು.