ಎದುರಾಳಿಗೆ ಸಲ್ಲಬೇಕಾದ ಮರ್ಯಾದೆ

ಘಟಪ್ರಭೆಯ ನೀರುಣ್ಣುವ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಊರುಗಳಲ್ಲಿ ಜಾತ್ರೆಯೆಂದರೆ ತೇರು, ಪಲ್ಲಕ್ಕಿಗಳೊಡನೆ ಕುಸ್ತಿಯ ಕಣವೂ ನೆನಪಿಗೆ ಬರುತ್ತದೆ. ಹಲಗೆಯ ಸಪ್ಪಳ ಕೇಳುತ್ತಲೇ ಸುತ್ತಲ ಹಳ್ಳಿಗಳ ಜನ ಕಣದ ಕಡೆಗೆ ಹೆಜ್ಜೆ ಹಾಕುತ್ತಾರೆ. ಕೆಮ್ಮಣ್ಣಿಗೆ ಇಳಿದ ಪೈಲ್ವಾನನು ಮೊದಲು ಬಾಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಹಿಡಿ ಮಣ್ಣನ್ನು ತನ್ನ ಮೈಗೆ ಸವರಿಕೊಂಡು ಎದುರಾಳಿಯ ಮೈಗೂ ಎರಚುತ್ತಾನೆ. ಬೆವರಿದ ಮೈ ಜಾರದೆ ಹಿಡಿತಕ್ಕೆ ಸಿಗಲಿ ಎಂಬುದು ಇದರ ಉಪಯೋಗ. ಆದರೆ ಇಬ್ಬರ ಮೈಗೂ ಹತ್ತಿದ್ದು ಒಂದೇ ಮಣ್ಣು ಎಂಬ ಭಾವವೂ ಇದರಲ್ಲಿದೆ. ಬಳಿಕ ಕೈ ಕೂಡಿಸಿ ಕುಸ್ತಿ ಆರಂಭಿಸುತ್ತಾರೆ.

ಕಣದೊಳಗಿನ ಇಬ್ಬರು ಪಾಲಿಸುವ ಈ ಮರ್ಯಾದೆಯನ್ನು ಕಣದ ಸುತ್ತ ಕುಳಿತ ಸಾವಿರಾರು ಜನರು ಪಾಲಿಸುತ್ತಾರೆಯೆ? ಆಟಗಾರನಿಗೆ ನಿಯಮಗಳಿವೆ, ಮೀರಿದರೆ ಪಂಚರು ತಡೆಯುತ್ತಾರೆ. ನೋಡುವವನಿಗೆ ಯಾವ ನಿಯಮ? ಎದುರು ಪಕ್ಷದ ಆಟಗಾರನನ್ನು ಹೀಯಾಳಿಸುವುದು, ಅವನ ಊರು, ಜಾತಿ, ಮತ, ಬಣ್ಣಗಳನ್ನೆತ್ತಿ ಬೈಯುವುದು, ಕಡೆಗೆ ಬಾಟಲಿ ಎಸೆಯುವುದು ಈ ಕಾಲದಲ್ಲಿ ಆಟದ ಒಂದು ಅಂಗವೇ ಎಂಬಂತಾಗಿದೆ. ಇತಿಹಾಸವನ್ನು ತಿರುವಿ ನೋಡಿದರೆ ಈ ರೋಗ ಹಳೆಯದೆಂದೂ, ಅದಕ್ಕೆ ಮದ್ದೂ ಅಷ್ಟೇ ಹಳೆಯದೆಂದೂ ತಿಳಿಯುತ್ತದೆ.

ಹಿಂದಿನವರ ಮಾದರಿ

ಭರತ ಬಾಹುಬಲಿಯರ ಕಥೆ ಜೈನರಿಗೆಲ್ಲ ಪರಿಚಿತವಾದದ್ದು. ಹತ್ತನೆಯ ಶತಮಾನದಲ್ಲಿ ಪಂಪನು ತನ್ನ ‘ಆದಿಪುರಾಣ’ದಲ್ಲಿ ಅದನ್ನು ಕನ್ನಡಕ್ಕೆ ತಂದನು. ಅಣ್ಣತಮ್ಮಂದಿರ ಸೇನೆಗಳು ಎದುರೆದುರು ನಿಂತಾಗ, ಇಬ್ಬರ ಜಗಳಕ್ಕೆ ಅಸಂಖ್ಯ ಜನರೇಕೆ ಸಾಯಬೇಕೆಂದು ಮಂತ್ರಿಗಳು ಯೋಚಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಸ್ಪರ್ಧೆಗಳು ಗೊತ್ತಾದವು. ಕಾದಾಡಲು ಬಂದ ಸೈನ್ಯ ಆಯುಧ ಕೆಳಗಿಟ್ಟು ಪ್ರೇಕ್ಷಕವರ್ಗವಾಯಿತು. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿದ ಬಾಹುಬಲಿ ಅವನನ್ನು ನೆಲಕ್ಕೆ ಅಪ್ಪಳಿಸದೆ ಗೌರವದಿಂದ ಇಳಿಸಿದನು. ಸ್ಪರ್ಧೆಯೆಂಬುದು ಯುದ್ಧಕ್ಕೆ ಬದಲಾಗಿ, ಹಿಂಸೆಯನ್ನು ತಪ್ಪಿಸುವ ಸಲುವಾಗಿ ಬಂದದ್ದು ಎಂಬ ತತ್ತ್ವ ಈ ಕಥೆಯಲ್ಲಿದೆ. ಸ್ಪರ್ಧೆಯ ನೆಪದಲ್ಲಿ ಮತ್ತೆ ದ್ವೇಷವನ್ನು ಎಳೆದುತರುವವನು ಆ ತತ್ತ್ವವನ್ನೇ ತಲೆಕೆಳಗು ಮಾಡುತ್ತಾನೆ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಮಲ್ಲರನ್ನು ಅವರ ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಶ್ರೇಣಿಗಳಾಗಿ ವಿಂಗಡಿಸಿದ್ದನ್ನು ಅಲ್ಲಿ ಕಾಣಬಹುದು. ಕುಸ್ತಿಯನ್ನು ರಾಜನು ‘ವಿನೋದ’ವೆಂದು ಕರೆದದ್ದು ಗಮನಾರ್ಹ. ನೋಡುವವನ ಮನಸ್ಸು ಅರಳಬೇಕು, ಕೆರಳಬಾರದು ಎಂಬುದು ಆ ಹೆಸರಿನಲ್ಲೇ ಸೂಚಿತವಾಗಿದೆ.

ಗಡಿನಾಡಿನ ಪಾಠ

ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮೇಲೆ ಹಾಯುವ ಹೆದ್ದಾರಿ ಬೆಳಗಾವಿಯನ್ನು ಕೊಲ್ಹಾಪುರಕ್ಕೆ ಜೋಡಿಸುತ್ತದೆ. ಆ ದಾರಿಯಲ್ಲಿ ಬೆಲ್ಲ, ಹತ್ತಿ, ಕಾಳುಕಡಿಗಳು ಸಾಗಿದಂತೆ ಪೈಲ್ವಾನರೂ ಓಡಾಡಿದ್ದಾರೆ. ಕೊಲ್ಹಾಪುರದ ಶಾಹೂ ಮಹಾರಾಜರು ಕಟ್ಟಿಸಿದ, 1912ರಲ್ಲಿ ಬಳಕೆಗೆ ಬಂದ ಖಾಸಬಾಗ ಮೈದಾನ ಗಡಿಯ ಎರಡೂ ಬದಿಯ ಪೈಲ್ವಾನರ ಕನಸಿನ ಕಣವಾಗಿತ್ತು. ಹುಕ್ಕೇರಿಯ ನೆರೆಯ ಚಿಕ್ಕೋಡಿ ಸೀಮೆಯ ಏಕಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕೊಲ್ಹಾಪುರದ ತಾಲೀಮಿನಲ್ಲಿ ಬೆಳೆದು, 1959ರಲ್ಲಿ ದೆಹಲಿಯಲ್ಲಿ ಪಂಜಾಬದ ಬಂತಾಸಿಂಗರನ್ನು ಸೋಲಿಸಿ ಮೊದಲ ‘ಹಿಂದ್ ಕೇಸರಿ’ಯಾದರು. 2020ರಲ್ಲಿ ಅವರು ತೀರಿಕೊಂಡಾಗ ಗಡಿಯ ಎರಡೂ ಕಡೆಯವರು ತಮ್ಮವನೊಬ್ಬನನ್ನು ಕಳೆದುಕೊಂಡಂತಾಯಿತು. ಅವರು ಯಾರ ಪೈಲ್ವಾನ? ಹುಟ್ಟಿದ ಊರಿನವರೋ, ಕಲಿತ ಊರಿನವರೋ? ಗಡಿಯ ರಾಜಕೀಯ ಎಷ್ಟೇ ಬಿಸಿಯಾದರೂ ಕಣದಲ್ಲಿ ಬಂದವನ ಪಟ್ಟನ್ನು ನೋಡಿ ತಲೆದೂಗುವ ಜನ ಇಲ್ಲಿ ಇದ್ದರೆಂಬುದರಿಂದಲೇ ಇಂಥವರ ಬಾಳು ಸಾಧ್ಯವಾಯಿತು. ಹೊರಗಿನಿಂದ ಬಂದವನನ್ನು ಕೂಗಿ ಓಡಿಸುವ ಊರಿಗೆ ಒಳ್ಳೆಯ ಪೈಲ್ವಾನ ಎರಡನೆಯ ಸಲ ಬರುವುದಿಲ್ಲ. ಒಳ್ಳೆಯ ಎದುರಾಳಿ ಬರದ ಊರಿನಲ್ಲಿ ಒಳ್ಳೆಯ ಪೈಲ್ವಾನ ಹುಟ್ಟುವುದೂ ಇಲ್ಲ.

ಮಾತಿನಿಂದ ಕಲ್ಲಿಗೆ

ಇದಕ್ಕೆ ವಿರುದ್ಧವಾದ ಉದಾಹರಣೆ ರೋಮನ್ ಸಾಮ್ರಾಜ್ಯದಲ್ಲಿ ದೊರೆಯುತ್ತದೆ. ಇಟಲಿಯ ಪಾಂಪೇಯಿ ಮತ್ತು ನುಕೇರಿಯಾ ನೆರೆಹೊರೆಯ ಎರಡು ಪಟ್ಟಣಗಳು. ಕ್ರಿ.ಶ. 59ರಲ್ಲಿ ಪಾಂಪೇಯಿಯ ರಂಗಮಂಟಪದಲ್ಲಿ ಕತ್ತಿಮಲ್ಲರ ಕಾಳಗ ನಡೆದಾಗ ಎರಡೂ ಊರುಗಳ ಪ್ರೇಕ್ಷಕರು ಸೇರಿದ್ದರು. ಮೊದಲು ಒಬ್ಬರನ್ನೊಬ್ಬರು ಹಂಗಿಸಿದರು. ಬಳಿಕ ಕಲ್ಲು ತೂರಿದರು. ಕೊನೆಗೆ ಆಯುಧಗಳೇ ಹೊರಬಂದವು. ಅತಿಥಿಗಳಾಗಿ ಬಂದ ನುಕೇರಿಯಾದವರಲ್ಲಿ ಅನೇಕರು ಸತ್ತರು, ಗಾಯಗೊಂಡರು. ಇತಿಹಾಸಕಾರ ಟ್ಯಾಸಿಟಸ್ ಇದನ್ನು ದಾಖಲಿಸಿದ್ದಾನೆ. ರೋಮಿನ ಸೆನೆಟ್ ಪಾಂಪೇಯಿಯಲ್ಲಿ ಅಂಥ ಕೂಟಗಳನ್ನು ಹತ್ತು ವರ್ಷ ನಿಷೇಧಿಸಿತು. ಗಮನಿಸಬೇಕಾದದ್ದು ಘಟನೆಯ ಕ್ರಮವನ್ನು. ಬೈಗುಳ, ಕಲ್ಲು, ಕತ್ತಿ ಎಂಬ ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದು ಮಾತು.

ಮುಂದೆ ಕ್ರಿ.ಶ. 532ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರಥದ ಓಟದ ನೀಲಿ, ಹಸಿರು ಪಕ್ಷಗಳ ಅಭಿಮಾನಿಗಳ ಗಲಭೆ ರಾಜದ್ರೋಹವಾಗಿ ಬೆಳೆದು, ಸುಮಾರು 30,000 ಜನರ ಸಾವಿನಲ್ಲಿ ಮುಗಿಯಿತೆಂದು ಆ ಕಾಲದ ಬರಹಗಳು ಹೇಳುತ್ತವೆ. ನಮ್ಮ ಕಾಲದಲ್ಲಿಯೂ, 1985ರ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ತಂಡದ ಅಭಿಮಾನಿಗಳು ಎದುರು ಪಕ್ಷದವರ ಮೇಲೆ ನುಗ್ಗಿದಾಗ ಗೋಡೆ ಕುಸಿದು 39 ಜನ ಸತ್ತರು. ಇಂಗ್ಲೆಂಡಿನ ಎಲ್ಲ ಫುಟ್‌ಬಾಲ್ ಸಂಘಗಳೂ ಐದು ವರ್ಷ ಯುರೋಪಿನ ಸ್ಪರ್ಧೆಗಳಿಂದ ಹೊರಗುಳಿಯಬೇಕಾಯಿತು.

ನಮ್ಮ ಅಂಗಳದಲ್ಲಿ

ಭಾರತದಲ್ಲಿ ಈ ಪರೀಕ್ಷೆ ಹೆಚ್ಚಾಗಿ ನಡೆಯುವುದು ಕ್ರಿಕೆಟ್ ಅಂಗಳದಲ್ಲಿ. 1996ರ ಮಾರ್ಚ್ 13ರಂದು ಕಲಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ವಿಶ್ವಕಪ್ಪಿನ ಉಪಾಂತ್ಯ ಪಂದ್ಯ ನಡೆಯಿತು. ಶ್ರೀಲಂಕಾದ 251 ರನ್ನುಗಳಿಗೆ ಉತ್ತರವಾಗಿ ಭಾರತ 8 ವಿಕೆಟ್ ಕಳೆದುಕೊಂಡು 120 ರನ್ ಗಳಿಸಿದ್ದಾಗ ಪ್ರೇಕ್ಷಕರು ಬಾಟಲಿ ಎಸೆದರು, ಆಸನಗಳಿಗೆ ಬೆಂಕಿ ಹಚ್ಚಿದರು. ಪಂದ್ಯದ ರೆಫರಿ ಕ್ಲೈವ್ ಲಾಯ್ಡ್ ಆಟ ನಿಲ್ಲಿಸಿ ಶ್ರೀಲಂಕಾ ಗೆದ್ದಿತೆಂದು ಘೋಷಿಸಿದರು. ಅದೇ ವರ್ಷದ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯಾದ ಎದುರು ಅಜರುದ್ದೀನರನ್ನು ಔಟೆಂದು ತೀರ್ಪಿತ್ತಾಗ ಬಾಟಲಿಗಳು ಹಾರಿ ಆಟ ಕೆಲಕಾಲ ನಿಂತಿತು. ಆ ಪಂದ್ಯವನ್ನು ಭಾರತಕ್ಕೆ ಗೆದ್ದುಕೊಟ್ಟದ್ದು ಬಾಟಲಿಗಳಲ್ಲ. ಕನ್ನಡಿಗರಾದ ಜಾವಗಲ್ ಶ್ರೀನಾಥ ಮತ್ತು ಅನಿಲ್ ಕುಂಬ್ಳೆ ಒಂಬತ್ತನೆಯ ವಿಕೆಟ್ಟಿಗೆ ಅಜೇಯರಾಗಿ ಕೂಡಿಸಿದ 52 ರನ್ನುಗಳು.

1999ರ ಆರಂಭದ ಮೂರು ವಾರಗಳು ಪ್ರೇಕ್ಷಕ ಧರ್ಮದ ಎರಡು ಮುಖಗಳನ್ನೂ ತೋರಿಸಿದವು. ಜನವರಿ 31ರಂದು ಮದ್ರಾಸಿನ ಚೆಪಾಕದಲ್ಲಿ ಸಚಿನ್ ತೆಂಡೂಲ್ಕರರ 136 ರನ್ನುಗಳ ನಂತರವೂ ಭಾರತ ಪಾಕಿಸ್ತಾನಕ್ಕೆ ಕೇವಲ 12 ರನ್ನುಗಳಿಂದ ಸೋತಿತು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಸೋಲು ಅದು. ಆದರೆ ಅಲ್ಲಿನ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೆದ್ದ ಪಾಕಿಸ್ತಾನಿ ಆಟಗಾರರು ಅಂಗಳವನ್ನು ಸುತ್ತಿ ಬಂದು ಆ ಗೌರವವನ್ನು ಸ್ವೀಕರಿಸಿದರು. ಫೆಬ್ರವರಿಯಲ್ಲಿ ಅವೇ ತಂಡಗಳು ಕಲಕತ್ತೆಯಲ್ಲಿ ಎದುರಾದವು. ಶೋಯೆಬ್ ಅಖ್ತರರಿಗೆ ತಾಗಿ ತೆಂಡೂಲ್ಕರ್ ರನ್ ಔಟಾದಾಗ ಜನ ಕೆರಳಿ ಅಂಗಳಕ್ಕೆ ವಸ್ತುಗಳನ್ನೆಸೆದರು. ಕೊನೆಯ ದಿನ ಪೊಲೀಸರು ಪ್ರೇಕ್ಷಕರನ್ನೆಲ್ಲ ಹೊರಗೆ ಕಳಿಸಬೇಕಾಯಿತು. ಖಾಲಿ ಆಸನಗಳ ಮುಂದೆ ಪಾಕಿಸ್ತಾನ 46 ರನ್ನುಗಳಿಂದ ಗೆದ್ದಿತು. ಎರಡೂ ಕಡೆ ಭಾರತ ಸೋತಿತು. ಆದರೆ ಮದ್ರಾಸಿನ ಜನ ಸೋಲಲಿಲ್ಲ. ಇಂದಿಗೂ ಜನರ ನೆನಪಿನಲ್ಲಿ ಉಳಿದಿರುವುದು ಆ ಚಪ್ಪಾಳೆ.

ಬಣ್ಣ, ಮತಗಳನ್ನೆತ್ತಿ ಬೈಯುವುದು ಇನ್ನೂ ಹೀನವಾದದ್ದು. 2007ರ ಅಕ್ಟೋಬರಿನಲ್ಲಿ ವಡೋದರಾ ಮತ್ತು ಮುಂಬಯಿಗಳಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸರನ್ನು ನೋಡಿ ಕೆಲವು ಪ್ರೇಕ್ಷಕರು ಮಂಗನಂತೆ ಕೂಗಿದರು. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಹೈದರಾಬಾದಿನ ಮೊಹಮ್ಮದ್ ಸಿರಾಜರು ಅಲ್ಲಿನ ಪ್ರೇಕ್ಷಕರ ಜನಾಂಗ ನಿಂದನೆಗೆ ಗುರಿಯಾದರು. ಆಗ ಭಾರತೀಯರೆಲ್ಲರ ಮನಸ್ಸು ನೊಂದಿತು, ನೋಯಬೇಕಾದದ್ದೇ. ಆದರೆ ಸಿಡ್ನಿಯ ತಕ್ಕಡಿಯೊಂದು, ವಡೋದರೆಯ ತಕ್ಕಡಿಯೊಂದು ಇರಲಾಗದು. 2023ರ ಅಕ್ಟೋಬರ್ 14ರಂದು ಅಹಮದಾಬಾದಿನಲ್ಲಿ ಔಟಾಗಿ ಹಿಂದಿರುಗುತ್ತಿದ್ದ ಪಾಕಿಸ್ತಾನದ ಮೊಹಮ್ಮದ್ ರಿಜ್ವಾನರ ಕಡೆಗೆ ದೇವರ ಹೆಸರಿನ ಘೋಷಣೆಗಳು ತೂರಿಬಂದವು. ದೇವರ ಹೆಸರು ಬೈಗುಳದ ಕೆಲಸಕ್ಕೆ ಬಳಕೆಯಾದರೆ ಕುಂದುವುದು ಕೂಗಿದವರ ಘನತೆಯೇ.

ಬೆಂಗಳೂರಿನ ಹೆಸರೂ ಈ ಪಟ್ಟಿಗೆ ಸೇರಿದ್ದು ಕನ್ನಡಿಗರು ತಲೆ ತಗ್ಗಿಸಬೇಕಾದ ಸಂಗತಿ. 2023ರ ಮೇ 21ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗುಜರಾತ್ ತಂಡದ ಶುಭಮನ್ ಗಿಲ್ ಅಜೇಯ 104 ರನ್ ಗಳಿಸಿದ್ದರಿಂದ ಬೆಂಗಳೂರು ತಂಡ ಸ್ಪರ್ಧೆಯಿಂದ ಹೊರಬಿದ್ದಿತು. ಅಂದು ರಾತ್ರಿಯಿಂದಲೇ ಸಾಮಾಜಿಕ ಜಾಲತಾಣಗಳಲ್ಲಿ ಗಿಲ್ಲರನ್ನಷ್ಟೇ ಅಲ್ಲ, ಅವರ ಸಹೋದರಿಯನ್ನೂ ಹೊಲಸು ಮಾತುಗಳಿಂದ ನಿಂದಿಸಲಾಯಿತು. ಚೆನ್ನಾಗಿ ಆಡಿದ್ದೇ ಅವರ ಅಪರಾಧ!

ತಿರುಗಿ ಬರುವ ಕಲ್ಲು

ಎದುರಾಳಿಗೆಂದು ಎತ್ತಿದ ಕಲ್ಲು ಅವನೊಬ್ಬನ ಮೇಲೆಯೇ ಬೀಳುವುದಿಲ್ಲ. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಪಾಕಿಸ್ತಾನ ಭಾರತಕ್ಕೆ 39 ರನ್ನುಗಳಿಂದ ಸೋತಿತು. ಗಾಯದ ಕಾರಣ ಆಡದಿದ್ದ ನಾಯಕ ವಾಸಿಂ ಅಕ್ರಮರ ಮನೆಯ ಮೇಲೆ ಸ್ವದೇಶದವರೇ ಕಲ್ಲು ತೂರಿದರು. 2003ರ ಫೆಬ್ರವರಿಯಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ ಸೋತಾಗ ಅಲಹಾಬಾದಿನಲ್ಲಿ ಮೊಹಮ್ಮದ್ ಕೈಫರ ಮನೆಗೆ ಮಸಿ ಬಳಿದರು. 2021ರ ಅಕ್ಟೋಬರಿನಲ್ಲಿ ಬೆಂಗಳೂರು ತಂಡ ಸೋತಾಗ ತಮ್ಮದೇ ತಂಡದ ಡೇನಿಯಲ್ ಕ್ರಿಶ್ಚಿಯನ್ ಅವರನ್ನೂ, ಗರ್ಭಿಣಿಯಾಗಿದ್ದ ಅವರ ಜೀವನಸಂಗಾತಿಯನ್ನೂ ನಿಂದಿಸಿದರು. ದ್ವೇಷವೆಂಬುದು ಅಭ್ಯಾಸ. ಎದುರು ಪಕ್ಷದವನನ್ನು ಬೈದು ಬೈದು ನಾಲಿಗೆಗೆ ರೂಢಿಯಾದ ಮೇಲೆ ಸೋಲಿನ ದಿನ ತನ್ನವನೂ ಪರಕೀಯನಾಗಿ ಕಾಣುತ್ತಾನೆ.

ಅನುಮೋದನೆಯ ಹೊಣೆ

‘ಸಾವಿರಾರು ಜನರ ನಡುವೆ ಒಬ್ಬನು ಕೂಗಿದರೆ ಏನಾಯಿತು?’ ಎಂಬ ಸಮಾಧಾನ ಸಾಮಾನ್ಯವಾಗಿ ಕೇಳಿಬರುತ್ತದೆ. ವ್ಯಾಪಾರದ ಕಾನೂನನ್ನು ಬಲ್ಲವರಿಗೆ ಈ ಮಾತು ನಿಲ್ಲುವುದಿಲ್ಲವೆಂದು ಗೊತ್ತು. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ ಪ್ರಕಾರ ಅಂಗಡಿಯ ಸಾಲಕ್ಕೆ ಪಾಲುದಾರರೆಲ್ಲರೂ ಕೂಡಿಯೂ ಹೊಣೆ, ಪ್ರತಿಯೊಬ್ಬನೂ ಬೇರೆಯಾಗಿಯೂ ಪೂರ್ತಿ ಹೊಣೆ. ‘ನನ್ನ ಪಾಲು ನಾಲ್ಕಾಣೆ, ಅಷ್ಟೇ ಕೊಡುವೆ’ ಎಂದು ಸಾಲ ಕೊಟ್ಟವನಿಗೆ ಹೇಳಲು ಬರುವುದಿಲ್ಲ. ಜೈನ ಆಚಾರ್ಯರು ಹಿಂಸೆಯ ಲೆಕ್ಕವನ್ನು ಇಟ್ಟದ್ದೂ ಹೀಗೆಯೇ. ಕೃತ, ಕಾರಿತ, ಅನುಮೋದಿತ ಎಂದರೆ ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಮೆಚ್ಚಿದ್ದು. ಇವು ಮನ, ವಚನ, ಕಾಯ ಎಂಬ ಮೂರರ ಮೂಲಕವೂ ನಡೆಯುತ್ತವೆ. ಗುಂಪಿನಲ್ಲಿ ಮೊದಲು ಕೂಗಿದವನು ಒಬ್ಬನೇ ಇರಬಹುದು. ಅವನ ಮಾತಿಗೆ ನಕ್ಕ ಹತ್ತು ಜನರಿಲ್ಲದಿದ್ದರೆ ಅವನು ಎರಡನೆಯ ಸಲ ಕೂಗುತ್ತಿರಲಿಲ್ಲ.

ಟಿಕೇಟಿನ ಹಣ ಕುಳಿತು ನೋಡುವುದಕ್ಕೆ ಕೊಟ್ಟದ್ದು. ಮತ್ತೊಬ್ಬನ ಮಾನಕ್ಕೆ ಕೊಟ್ಟ ಬೆಲೆಯಲ್ಲ. ತನ್ನ ತಂಡ ಗೆಲ್ಲಲೆಂದು ಹಾರೈಸುವುದು, ಕುಣಿಯುವುದು, ಕೇಕೆ ಹಾಕುವುದು ಯಾವುದೂ ದೋಷವಲ್ಲ. ಹಾರೈಕೆ ದ್ವೇಷವಾಗುವ ಗೆರೆಯನ್ನು ಗುರುತಿಸುವುದು ಕಷ್ಟವೂ ಅಲ್ಲ. ಎದುರಾಳಿ ಚೆನ್ನಾಗಿ ಆಡಿದಾಗ ಕೈ ಚಪ್ಪಾಳೆಗೆ ಏಳುವುದೋ, ಕಲ್ಲು ಹುಡುಕುವುದೋ ಎಂದು ನೋಡಿಕೊಂಡರೆ ಸಾಕು.

ಗುಂಪನ್ನು ತಿದ್ದಲು ಒಬ್ಬ ವ್ಯಕ್ತಿ ಸಾಲುವುದುಂಟು. 2019ರ ಜೂನ್ 9ರಂದು ಲಂಡನ್ನಿನ ಓವಲ್ ಅಂಗಳದಲ್ಲಿ ಭಾರತದ ಅಭಿಮಾನಿಗಳು ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ತರನ್ನು ಹೀಯಾಳಿಸತೊಡಗಿದಾಗ ನಾಯಕ ವಿರಾಟ್ ಕೊಹ್ಲಿ ಅವರತ್ತ ತಿರುಗಿ, ಚಪ್ಪಾಳೆ ತಟ್ಟಿರೆಂದು ಕೈಸನ್ನೆ ಮಾಡಿದರು. ಅದಕ್ಕೂ ಹಿಂದೆ, 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ನಾಯಕರಾಗಿದ್ದ ಭದ್ರಾವತಿಯ ಜಿ.ಆರ್. ವಿಶ್ವನಾಥರು, ಅಂಪೈರ್ ಔಟೆಂದಿದ್ದ ಇಂಗ್ಲೆಂಡಿನ ಬಾಬ್ ಟೇಲರರನ್ನು ತಾವಾಗಿಯೇ ಹಿಂದಕ್ಕೆ ಕರೆದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಅವರಿಗೆ ಮನವರಿಕೆಯಾಗಿತ್ತು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಕೂಡಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ನಷ್ಟವಾದರೂ ತೂಕದಲ್ಲಿ ಮೋಸ ಮಾಡದ ವ್ಯಾಪಾರಿಯ ನಡತೆ ಅದು. ಆ ಸೋಲಿನಿಂದ ವಿಶ್ವನಾಥರ ಕೀರ್ತಿ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಇಂದು ಗೋಕಾಕ, ಮೂಡಲಗಿ, ಹುಕ್ಕೇರಿಗಳ ತರುಣರು ಕುಸ್ತಿಯಷ್ಟೇ ಉತ್ಸಾಹದಿಂದ ಕಬಡ್ಡಿ, ವ್ಹಾಲಿಬಾಲ್, ಕ್ರಿಕೆಟ್ ಪಂದ್ಯಗಳನ್ನು ಏರ್ಪಡಿಸುತ್ತಾರೆ. ಇಂಥ ಪಂದ್ಯಗಳಿಗೆ ಇನಾಮು ಕೊಡುವ ವ್ಯಾಪಾರಸ್ಥರೂ, ಪಂಚರಾಗಿ ಕೂಡುವ ಹಿರಿಯರೂ ಕೆಲವು ಸಣ್ಣ ಕಟ್ಟಳೆಗಳನ್ನು ಹಾಕಿಕೊಡಬಹುದು. ಪರ ಊರಿನ ತಂಡ ಅಂಗಳಕ್ಕೆ ಬಂದಾಗ ಮೊದಲ ಚಪ್ಪಾಳೆ ಅವರಿಗೆ ಸಲ್ಲಲಿ. ಧ್ವನಿವರ್ಧಕದಲ್ಲಿ ಆಟದ ವಿವರಣೆ ಕೊಡುವವರು ಎದುರಾಳಿಯ ಊರು, ಜಾತಿ, ಭಾಷೆಗಳನ್ನು ಕುರಿತು ಹಾಸ್ಯ ಮಾಡದಿರಲಿ. ಹೊಲಸು ಮಾತು ಕೇಳಿಬಂದರೆ ಪಂಚರು ಆಟ ನಿಲ್ಲಿಸಿ, ಕೂಗಿದವನು ಎದ್ದು ಹೋದ ಬಳಿಕವೇ ಮುಂದುವರಿಸಲಿ. ಸೋತು ಹೊರಡುವ ತಂಡಕ್ಕೆ ಊಟ ಹಾಕಿ ಕಳಿಸಲಿ. ಇವಕ್ಕೆ ಹೆಚ್ಚಿನ ಖರ್ಚಿಲ್ಲ. ಊರಿನ ಹೆಸರನ್ನು ಹೊರಗೆ ಒಯ್ಯುವವರು ಎದುರಾಳಿಗಳೇ. ಅವರು ತಮ್ಮ ಊರಿಗೆ ಹೋಗಿ ಏನು ಹೇಳುತ್ತಾರೆಂಬುದು ನೋಡುವವರ ನಾಲಿಗೆಯನ್ನು ಅವಲಂಬಿಸಿದೆ.